ಫೋನಿನ ಬಿಕ್ಕಳಿಕೆ

ಹದಿನೇಳನೆಯ ಸಲ ಅದೇ ಸಾಲನ್ನು ಟೈಪ್ ಮಾಡಿ, ಎಂಟರ್ ಒತ್ತಿ, ಅವಳು ಎದ್ದು ಹೋಗಿ ಹಾಲಿನ ಉರಿ ತಗ್ಗಿಸಿ ಬಂದಳು. ಅಷ್ಟರಲ್ಲಿ ಲ್ಯಾಪ್‌ಟಾಪ್ ಉತ್ತರ ಕೊಟ್ಟಾಗಿತ್ತು. ನೋ ಡಯಲ್‌ಟೋನ್.

ಅವಳು ಫೋನ್ ಲೈನಿನ ಮೂಲಕ ಇಂಟರ್ನೆಟ್ಟಿಗೆ ಸೇರಿಸುವ ಮೋಡೆಮ್ಮಿನ ವೈರನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಫೋನಿನ ವೈರನ್ನು ಸಿಕ್ಕಿಸಿ, ರಿಸೀವರ್ ಎತ್ತಿ ಕಿವಿಗಿಟ್ಟಳು. ಡಯಲ್‌ಟೋನ್ ಇತ್ತು. ಮೊದಲು ಒಂದೆರಡು ಗಳಿಗೆ ತುಂಡು ತುಂಡಾಗಿ ಬಿಕ್ಕಿತು, ಆಮೇಲೆ ನೆಟ್ಟಗೆ ಹರಿಯಿತು. ಎಂದಿನಂತೆಯೇ. ರಿಸೀವರ್ ಇಟ್ಟು ನೋಟ್‌ಬುಕ್ಕಿನಲ್ಲಿ ಹದಿನೇಳನೆಯ ಗೀಟು ಎಳೆದಳು. ಪಕ್ಕದಲ್ಲಿ ‘ನನಗೆ ಕೇಳಿಸುತ್ತದೆ, ಅದಕ್ಕೆ ಕೇಳಿಸುವುದಿಲ್ಲ’ ಎಂದು ಬರೆದಳು.

ಮನೆಗೆ ಇದ್ದದ್ದು ಒಂದೇ ಸಾಕೆಟ್. ಅದು ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಮೊಣಕಾಲೆತ್ತರದಲ್ಲಿತ್ತು. ಹೀಗಾಗಿ ಕಳೆದ ಹನ್ನೆರಡು ದಿನಗಳಿಂದ ಅವಳ ಕಚೇರಿ ಎಂದರೆ ಒಂದು ಮೋಟು ಸ್ಟೂಲು, ಎದುರಿಗೆ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆ, ಅದರ ಮೇಲೆ ಲ್ಯಾಪ್‌ಟಾಪ್. ಅದರ ಕೀಲು ಮುರಿದದ್ದರಿಂದ ಪರದೆ ಹಿಂದಕ್ಕೆ ಬೀಳದಂತೆ ಒಂದು ಹಿಟ್ಟಿನ ಡಬ್ಬ ಆತುಕೊಂಡಿತ್ತು. ಮನೆಗೆ ಬಂದವರು ಚಪ್ಪಲಿ ಬಿಡುವಾಗ ಅವಳನ್ನು ದಾಟಿಕೊಂಡು ಹೋಗಬೇಕಿತ್ತು. ಮನೆಗೆ ಹೆಚ್ಚು ಜನ ಬರುತ್ತಿರಲಿಲ್ಲವಾದ್ದರಿಂದ ಅದೇನೂ ತೊಂದರೆಯಾಗಿರಲಿಲ್ಲ.

ಲ್ಯಾಪ್‌ಟಾಪ್ ಕೊಟ್ಟವನು ಅವಳ ತಮ್ಮ. ಬೇರೆ ಊರಿನಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು. ತನಗೆ ಹೊಸದು ಬಂದ ಮೇಲೆ ಹಳೆಯದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಜೊತೆಗೆ ಅದರ ತೊಂದರೆಗಳ ಬಗ್ಗೆ ಯಾರ್ಯಾರೋ ಇಂಟರ್ನೆಟ್ಟಿನಲ್ಲಿ ಬರೆದದ್ದರ ನಲವತ್ತೆರಡು ಪುಟದ ಪ್ರಿಂಟ್‌ಔಟು ಇಟ್ಟು ಪಾರ್ಸೆಲ್ ಮಾಡಿದ್ದ. ಮೋಡೆಮ್ಮಿನ ವಿಷಯದಲ್ಲಿ ಮಾತ್ರ ಅವನು ಮೊದಲೇ ಎಚ್ಚರಿಸಿದ್ದ.

“ಅಕ್ಕ, ಅದರೊಳಗಿರೋದು ಪೂರ್ತಿ ಮೋಡೆಮ್ ಅಲ್ಲ. ಅರ್ಧ ಮಾತ್ರ. ಮಿಕ್ಕರ್ಧ ಕೆಲಸ ಬೇರೆಯವರು ಮಾಡಿಕೊಡಬೇಕು. ಆದರೂ ಮೋಡೆಮ್ ಅಂತಾನೇ ಹೆಸರು.”

“ಅಂಥವರನ್ನ ನೋಡಿದೀನಿ ಬಿಡು,” ಎಂದಿದ್ದಳು ಅವಳು.

ಆ ಅರ್ಧ ಮೋಡೆಮ್ಮಿಗೆ ತಕ್ಕ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ತಮ್ಮ ಕಳಿಸಿದ ಸೀಡಿಯಿಂದ ಇಳಿಸಿ ಕೂರಿಸುವುದಕ್ಕೇ ಒಂದು ವಾರ ಹಿಡಿದಿತ್ತು. ಅಷ್ಟೂ ದಿನ ಅತ್ತೆ ಬೆಳಿಗ್ಗೆ ಕಾಫಿ ಕುಡಿಯುತ್ತಾ, “ಡ್ರೈವರ್ ಸಿಕ್ಕಿದ್ನಾ?” ಎಂದು ಕೇಳುತ್ತಿದ್ದರು. ಸಿಕ್ಕ ದಿನ “ಎಷ್ಟು ಹೊತ್ತಿಗೆ ಬರ್ತಾನಂತೆ?” ಎಂದು ಕೇಳಿದರು. ಆವತ್ತು ಅವಳು ಪ್ರಿಂಟ್‌ಔಟಿನಲ್ಲಿ ಹೇಳಿದಂತೆ ‘ಎಟಿ’ ಎಂಬ ಎರಡು ಅಕ್ಷರ ಒತ್ತಿದ್ದಳು. ‘ಇಲ್ಲಿ ಕೇಳು’ ಎಂಬುದಕ್ಕೆ ಮೋಡೆಮ್ಮುಗಳ ಭಾಷೆ ಅದು. ತಕ್ಷಣ ಪರದೆಯ ಮೇಲೆ ‘ಓಕೆ’ ಎಂದು ಬಂತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಇಲ್ಲಿ ಕೇಳಿ ಎಂದ ಮಾತಿಗೆ ಇಷ್ಟು ಬೇಗ ಉತ್ತರ ಬಂದ ನೆನಪು ಅವಳಿಗಿರಲಿಲ್ಲ. ಇನ್ನೊಮ್ಮೆ ಒತ್ತಿದಳು. ಓಕೆ. ಮತ್ತೊಮ್ಮೆ. ಓಕೆ. ಕೆಲಸವಿಲ್ಲದೆ ಕರೆಯಬಾರದು ಎಂದು ಸುಮ್ಮನಾದಳು.

ಅವಳ ಕಸುಬು ಪದಸೂಚಿ ಮಾಡುವುದು. ದಪ್ಪ ಪುಸ್ತಕಗಳ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆಯೆಂದು ಸಣ್ಣ ಅಕ್ಷರದಲ್ಲಿ ಹೇಳುವ ಪಟ್ಟಿಯಿರುತ್ತದಲ್ಲ, ಅದು. ಯಾರೋ ಒಬ್ಬರು ಕೂತು ಮಾಡಿರುತ್ತಾರೆಂದು ಹೊಳೆಯುವ ಓದುಗರು ಕಡಿಮೆ. ಒಂದು ಪ್ರಕಾಶನಕ್ಕೆ ಅವಳು ಒಂಬತ್ತು ವರ್ಷ ಆ ಕೆಲಸ ಮಾಡಿದ್ದಳು. ಆ ಕಸುಬಿಗೊಂದು ರಿವಾಜು. ಪದಸೂಚಿಯವರು ತಾವಾಗಿ ಕೆಲಸ ಕೇಳುವಂತಿಲ್ಲ. ಪುಟಗಳೆಲ್ಲ ಅಂತಿಮವಾಗಿ, ಇನ್ನು ಒಂದು ಅಲ್ಪವಿರಾಮವೂ ಅಲ್ಲಾಡುವುದಿಲ್ಲ ಎಂದಾದ ಮೇಲೆ ಸಂಪಾದಕರೇ ಫೋನ್ ಮಾಡುತ್ತಾರೆ. ಅಲ್ಲಿಯ ಸಂಪಾದಕಿಯದು ಗೊಗ್ಗರು ಗಂಟಲು. “ಬನ್ನಿ, ಮೈ ರೆಡಿಯಾಗಿದೆ, ಬಾಲ ಹಚ್ಚಿ,” ಎನ್ನುತ್ತಿದ್ದರು. ಹದಿನಾಲ್ಕು ತಿಂಗಳ ಹಿಂದೆ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಡಾಕ್ಟರು ಆರು ವಾರ ವಿಶ್ರಾಂತಿ ಹೇಳಿದರು. ಆರು ವಾರವಾದ ಮೇಲೆ ಅವಳು ಪೆನ್ಸಿಲುಗಳನ್ನು ಕೆತ್ತಿಟ್ಟುಕೊಂಡು ಕಾದಳು. ಗೊಗ್ಗರು ಗಂಟಲಿನ ಫೋನ್ ಬರಲೇ ಇಲ್ಲ. ಬೇರೆ ಯಾರನ್ನೋ ಹಿಡಿದಿರಬೇಕು, ಒಂಬತ್ತು ವರ್ಷವೆಂದರೇನು ಮಹಾ ಎಂದುಕೊಂಡಳು. ಹಾಗೆಂದುಕೊಳ್ಳಲು ಮೂರು ತಿಂಗಳು ಹಿಡಿಯಿತು.

ಈಗ ಇನ್ನೊಂದು ಪ್ರಕಾಶನ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ಸೇತುವೆ ಕಟ್ಟುವ ವಿದ್ಯೆಯ ಬಗ್ಗೆ ಆರು ಸಂಪುಟ, ಎರಡು ವರ್ಷದ ಕೆಲಸ. ಇವಳು ಅರ್ಜಿ ಹಾಕಿದ್ದಕ್ಕೆ ಅಂಚೆಯಲ್ಲಿ ಉತ್ತರವೂ ಬಂದಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ಪುಟ ಇ-ಮೇಲಿನಲ್ಲಿ ಬರುತ್ತದೆ, ಹನ್ನೆರಡರೊಳಗೆ ಅದಕ್ಕೆ ಪದಸೂಚಿ ಮಾಡಿ ವಾಪಸು ಕಳಿಸಬೇಕು. ಆಯ್ಕೆಯಾದವರಿಗೆ ಸೋಮವಾರ ಹತ್ತರಿಂದ ಹನ್ನೊಂದರ ನಡುವೆ ಫೋನ್ ಮಾಡುತ್ತಾರೆ. ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು: ದೂರವಾಣಿಯಲ್ಲಿ ಸ್ವತಃ ಸಿಗದಿದ್ದಲ್ಲಿ ಪಟ್ಟಿಯಲ್ಲಿ ಮುಂದಿನವರನ್ನು ಸಂಪರ್ಕಿಸಲಾಗುವುದು.

ಆವತ್ತು ಬುಧವಾರ. ಶನಿವಾರಕ್ಕೆ ಮೂರು ದಿನವಿತ್ತು.

ಸಂಜೆ ಗಂಡ ಅಂಗಡಿ ಮುಚ್ಚಿಕೊಂಡು ಬಂದ. ಅವನದು ಕನ್ನಡಕದ ಅಂಗಡಿ. ಹಣ್ಣಿನ ಪೆಟ್ಟಿಗೆಯನ್ನು ದಾಟುತ್ತಾ, “ಇನ್ನೂ ಎದ್ದಿಲ್ವಾ ಅದು?” ಎಂದ.

“ಎದ್ದಿದೆ. ಕಿವಿ ಕೇಳ್ತಿಲ್ಲ.”

“ಯಾಕೆ ಸುಮ್ನೆ ಮೈ ದಣಿಸ್ಕೋತೀಯ? ಅಂಗಡಿ ಪಕ್ಕದಲ್ಲೇ ಇಂಟರ್ನೆಟ್ ಸೆಂಟರ್ ಇದೆ. ಕೊಡು, ನಾನು ಕಳಿಸ್ತೀನಿ.”

“ಎರಡು ಗಂಟೇಲಿ ಬಂದು, ಮಾಡಿ, ಹೋಗಬೇಕು ರೀ. ನಿಮ್ಮ ಕೈಗೆ ಯಾವಾಗ ಕೊಡ್ಲಿ?”

“ಡಾಕ್ಟರ್ ಏನು ಹೇಳಿದಾರೆ? ಭಾರ ಎತ್ತಬೇಡಿ ಅಂದಿಲ್ವಾ?”

“ಇದು ಎರಡೂವರೆ ಕೆ.ಜಿ.”

“ಅದಕ್ಕೇ ಹೇಳಿದ್ದು.”

ನೀರಿನ ಬಕೆಟ್ಟಿಗೆ, ಒದ್ದೆ ಬಟ್ಟೆಯ ಬುಟ್ಟಿಗೆ, ಅತ್ತೆಯ ಹಾಸಿಗೆ ಕೊಡವುವುದಕ್ಕೆ ಡಾಕ್ಟರ ಆ ಮಾತು ಎರಡನೆಯ ತಿಂಗಳಲ್ಲೇ ರದ್ದಾಗಿತ್ತು. ಪದಸೂಚಿಯೊಂದರ ಮೇಲೆ ಇನ್ನೂ ಜಾರಿಯಲ್ಲಿತ್ತು. ಅವನು ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕುರ್ಚಿಯ ಮೇಲೆ ಕೂತೇ ನಿದ್ದೆ ಮಾಡಿದ್ದ. ಆ ಕುರ್ಚಿ ಎಷ್ಟು ಗಟ್ಟಿಯಿತ್ತೆಂದು ಈಗಲೂ ನೆನೆಸಿಕೊಳ್ಳುತ್ತಿದ್ದ.

ಅತ್ತೆಗೆ ಬೇರೆ ಚಿಂತೆ. ದಿನಾ ಹನ್ನೊಂದಕ್ಕೆ ಅವರು ತಮ್ಮ ತಂಗಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಬೇಕು. ಯಾವಾಗಲೂ ಇವರೇ ಮಾಡಬೇಕು, ತಂಗಿಯದು ಬಿಗಿ ಕೈ. ಲ್ಯಾಪ್‌ಟಾಪ್ ಎಂಬ ಈ ಪೆಟ್ಟಿಗೆ ಬಂದ ಮೇಲೆ ಫೋನಿಗೆ ಏನೋ ಆಗಿದೆ ಎಂದು ಅವರ ಗುಮಾನಿ.

“ಮೊದ್ಲಿಂದಾನೂ ಹೀಗೇ ಬಿಕ್ಕಳಿಸ್ತಿತ್ತಲ್ಲ ಅತ್ತೆ,” ಎಂದಳು.

“ಬಿಕ್ಕಳಿಸ್ತಿತ್ತು. ಯಾರೋ ನೆನೆಸ್ಕೋತಿದಾರೆ ಅಂದ್ಕೊಂಡು ಸುಮ್ನಿದ್ದೆ. ಅದಕ್ಕೂ ಒಂದು ಮಿತಿ ಬೇಡ್ವಾ? ವರ್ಷದಿಂದ ನೆನೆಸ್ಕೋತಾನೇ ಇದಾರೆ, ಒಬ್ರೂ ಮಾಡೋದಿಲ್ಲ. ಈ ಫೋನು ಕೊನೇ ಸಲ ಬಡ್ಕೊಂಡಿದ್ದು ಯಾವಾಗ ಹೇಳು?”

“ಈಗ ಎಲ್ಲರ ಹತ್ರ ಮೊಬೈಲ್ ಬಂತಲ್ಲ.”

“ನಿನ್ನ ಹತ್ರ ಇಲ್ಲ. ನನ್ನ ಹತ್ರ ಇಲ್ಲ. ಅವೆಲ್ಲ ಯಾರ ಹತ್ರ ಮಾತಾಡ್ತಾವೆ?” ಎಂದು ಅತ್ತೆ ಟೆಲಿಫೋನ್ ಆಫೀಸಿಗೆ ತಾವೇ ಫೋನ್ ಮಾಡಿ, ನಮ್ಮ ಫೋನು ಬಿಕ್ಕಳಿಸುತ್ತದೆ, ಸೊಸೆ ಅದಕ್ಕೊಂದು ಪೆಟ್ಟಿಗೆ ಬೇರೆ ಕಟ್ಟಿದ್ದಾಳೆ ಎಂದು ದೂರು ಬರೆಸಿದರು.

ಅವಳು ತಮ್ಮನಿಗೆ ಫೋನ್ ಮಾಡಿದಳು. ಅವನು ಪ್ರಿಂಟ್‌ಔಟ್ ಸರಿಯಾಗಿ ಓದು ಎಂದ.

“ಓದಿದೀನಿ ಕಣೋ. ಒಬ್ಬೊಬ್ಬರು ಒಂದೊಂದು ಹೇಳಿದಾರೆ. ಎಲ್ಲರೂ ಕೊನೇಲಿ ‘ನನಗೆ ಕೆಲಸ ಮಾಡಿತು’ ಅಂತಾರೆ, ಯಾಕೆ ಮಾಡ್ತು ಅಂತ ಒಬ್ರೂ ಹೇಳಿಲ್ಲ.”

“ಅದು ಹಾಗೇನೇ. ಮೊನ್ನೆ ಭಾನುವಾರ ಅರ್ಧ ಗಂಟೆ ಟ್ರೈ ಮಾಡಿದೆ ನಿಂಗೆ, ಯಾರೂ ಎತ್ಲಿಲ್ಲ. ವಾರದ ದಿನ ಮಾಡಿದ್ರೆ ಭಾವನೇ ಎತ್ತೋದು. ನೀನು ಯಾವಾಗ ನೋಡಿದ್ರೂ ಮಲಗಿರ್ತೀಯ.”

“ಮಲಗೋಕೆ ನಿಮ್ಮಪ್ಪ ಆಳು ಇಟ್ಟಿದಾರಾ ಇಲ್ಲಿ?”

“ನಿಮ್ಮಪ್ಪನೂ ಅವರೇ,” ಎಂದು ಅವನು ನಕ್ಕ.

ಅಂಗಡಿಗೆ ಫೋನ್ ಮಾಡಿ ಭಾವನ ಹತ್ತಿರ ಮಾತಾಡುತ್ತಾನೆ, ಮನೆಗೆ ಮಾಡಿ ಅಕ್ಕನ ಹತ್ತಿರ ಮಾತಾಡಲು ಆಗುವುದಿಲ್ಲ ಎಂದು ಅವಳಿಗೆ ಅವನ ಮೇಲೆ ಬಹಳ ದಿನದಿಂದ ಸಣ್ಣದೊಂದು ಮುನಿಸಿತ್ತು. ಆ ಮುನಿಸನ್ನು ಅದರ ಜಾಗಕ್ಕೆ ವಾಪಸಿಟ್ಟು ಫೋನ್ ಕೆಳಗಿಟ್ಟಳು.

ಗುರುವಾರ ಬೆಳಿಗ್ಗೆ ಅವಳು ತನಗೆ ಬರುವ ಒಂದೇ ಕೆಲಸ ಮಾಡಿದಳು. ಆ ನಲವತ್ತೆರಡು ಪುಟಕ್ಕೆ ಪದಸೂಚಿ ಮಾಡಲು ಕೂತಳು. ರಟ್ಟಿನ ಚೀಟಿಗಳನ್ನು ಚಪ್ಪಲಿ ಸ್ಟ್ಯಾಂಡಿನ ಮೇಲ್ಹಲಗೆಯಲ್ಲಿ ಅಕಾರಾದಿಯಾಗಿ ಹರಡಿಕೊಂಡಳು. ಒಂದು ಪುಟ, ಒಂದು ವಿಷಯ, ಒಂದು ಚೀಟಿ. ಓದುವಾಗ ಗೋಜಲಾಗಿದ್ದದ್ದು ಚೀಟಿಯಾಗುತ್ತಾ ಹೋದಂತೆ ತಣ್ಣಗಾಯಿತು. ಮೂರು ಗಂಟೆಯ ಹೊತ್ತಿಗೆ ಒಂದು ಚೀಟಿ ಹೀಗಿತ್ತು:

ಡಯಲ್‌ಟೋನ್ — ಇದ್ದೂ ಮೋಡೆಮ್ಮಿಗೆ ಕೇಳಿಸದಿರುವುದು, 7. — ಮಾಮೂಲಿಯಂತಿಲ್ಲದ, 19. — ಅದಕ್ಕೆ ಕಾಯದಿರುವುದು, 33.

ಏಳನೆಯ ಪುಟದವನು ಇವಳಂತೆಯೇ ತಲೆ ಚಚ್ಚಿಕೊಂಡಿದ್ದ. ಹತ್ತೊಂಬತ್ತನೆಯ ಪುಟದವನು, ಮೋಡೆಮ್ಮಿಗೆ ಗೊತ್ತಿರುವುದು ಒಂದೇ ಬಗೆಯ ಟೋನ್, ಬೇರೆ ಬಗೆಯದು ಬಂದರೆ ಅದು ಟೋನೇ ಇಲ್ಲ ಎನ್ನುತ್ತದೆ ಎಂದು ಬರೆದಿದ್ದ. ಮೂವತ್ತಮೂರನೆಯ ಪುಟದವನು ಇನ್ಯಾವುದೋ ತೊಂದರೆಗೆ ‘ಎಕ್ಸ್ ಮೂರು’ ಎಂಬ ಒಂದು ಸೂಚನೆ ಸೇರಿಸಿದ್ದ. ಟೋನಿಗೆ ಕಾಯಬೇಡ, ನೇರ ಡಯಲ್ ಮಾಡು ಎಂದು ಅದರ ಅರ್ಥ. ಮೂವರೂ ಬೇರೆ ಬೇರೆ ಊರಿನವರು. ಒಬ್ಬರ ಪುಟವನ್ನು ಇನ್ನೊಬ್ಬರು ನೋಡಿದಂತಿರಲಿಲ್ಲ.

ಅವಳು ಫೈಲು ತೆರೆದು, ‘ಇಲ್ಲಿ ಕೇಳು’ ಎಂಬುದರ ಮುಂದೆ ಎಕ್ಸ್ ಮೂರು ಎಂದು ಸೇರಿಸಿ, ಎಂಟರ್ ಒತ್ತಿದಳು. ಮೋಡೆಮ್ ಯಾರನ್ನೂ ಕೇಳದೆ ಟಕಟಕನೆ ನಂಬರು ತಿರುಗಿಸಿತು. ಆಮೇಲೆ ಕಿರುಚಿತು.

ಅತ್ತೆ ಓಡಿ ಬಂದರು. “ಏನಾಯ್ತೇ?”

“ಮಾತಾಡ್ತಿದೆ ಅತ್ತೆ.”

“ಯಾರ ಹತ್ರ?”

“ಆ ಕಡೆ ಇರೋ ಇದರಂಥದ್ದರ ಹತ್ರ.”

“ಜಗಳ ಆಡಿದ ಹಾಗಿದೆ.”

“ಇಲ್ಲ, ಪರಿಚಯ ಮಾಡ್ಕೋತಿವೆ.”

ಕಿರುಚಾಟ ನಿಂತಿತು. ಸಂಪರ್ಕವಾಗಿದೆ ಎಂದು ಪರದೆ ಹೇಳಿತು. ಅವಳು ಸ್ಟೂಲಿನ ಮೇಲೆ ಕೂತು ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಆಮೇಲೆ ಒಳಗೆ ಹೋಗಿ ಮಧ್ಯಾಹ್ನದ ಪಾತ್ರೆ ತೊಳೆಯಲು ತೊಡಗಿದಳು, ನಡುವೆ ಒಂದು ಲೋಟವನ್ನು ಎರಡು ಸಲ ತೊಳೆದಳು.

ಶುಕ್ರವಾರ, ಇನ್ನು ಬೇಕಾಗಿಲ್ಲ ಎಂದಾದ ಮೇಲೆ, ಲೈನ್‌ಮ್ಯಾನ್ ಬಂದ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಸೊಂಟದಲ್ಲಿ ನೇತುಬಿಟ್ಟ ಅವನದೇ ಒಂದು ರಿಸೀವರು. ಅತ್ತೆ ಆಗ ಸ್ನಾನಕ್ಕೆ ಹೋಗಿದ್ದರು.

“ಫೋನು ಬಿಕ್ಕಳಿಸುತ್ತೆ ಅಂತ ಬರ್ಕೊಂಡಿದಾರೆ,” ಎಂದ ಚೀಟಿ ನೋಡುತ್ತಾ. “ಮೂವತ್ತು ವರ್ಷದ ಸರ್ವಿಸಲ್ಲಿ ಸತ್ತೋಗಿರೋ ಫೋನ್ ನೋಡಿದೀನಿ, ಕೆಮ್ಮೋ ಫೋನ್ ನೋಡಿದೀನಿ. ಬಿಕ್ಕಳಿಕೆ ಇದೇ ಮೊದಲು.”

ಅವನು ಸಾಕೆಟ್ಟಿನ ಮುಚ್ಚಳ ಬಿಚ್ಚಿ ತನ್ನ ರಿಸೀವರಿನ ಎರಡು ಕ್ಲಿಪ್ಪು ಕಚ್ಚಿಸಿ ಕೇಳಿಸಿಕೊಂಡ. ಮುಖದ ಮೇಲಿನ ತಮಾಷೆ ಇಳಿಯಿತು. ಇಳಿದದ್ದು ಬೇಸರದಿಂದ.

“ಲೈನ್ ಚಿನ್ನದಂಗಿದೆ. ಇದು ಬಿಕ್ಕಳಿಕೆ ಅಲ್ಲಮ್ಮ. ಈ ನಂಬರಿಗೆ ಬರೋ ಕಾಲ್ ಎಲ್ಲಾ ಬೇರೆ ನಂಬರಿಗೆ ಹೋಗೋ ಹಾಗೆ ಹಾಕಿದಾರೆ. ಹಾಕಿ ಮರೆತುಬಿಡ್ತಾರೆ ನೋಡಿ ಜನ. ಅದಕ್ಕೇ ಎತ್ತಿದಾಗೆಲ್ಲ ಜ್ಞಾಪಿಸಲಿ ಅಂತ ಟೋನನ್ನ ಹೀಗೆ ತುಂಡು ಮಾಡಿ ಕೊಡ್ತಾರೆ.”

“ಬೇರೆ ನಂಬರಿಗೆ ಅಂದ್ರೆ?”

“ಇರಿ.” ಅವನು ತನ್ನ ರಿಸೀವರಿನಿಂದಲೇ ಎಕ್ಸ್‌ಚೇಂಜಿಗೆ ಮಾತಾಡಿದ. ಹೂಂ, ಹೂಂ ಎಂದ. ಒಂದು ನಂಬರು ಹೇಳಿದ. ಒಂದು ತಾರೀಖು ಹೇಳಿದ.

ನಂಬರು ಅವಳಿಗೆ ಬಾಯಿಪಾಠವಿತ್ತು. ಗಂಡನ ಅಂಗಡಿಯ ಪ್ರತಿ ಕನ್ನಡಕದ ಡಬ್ಬಿಯ ಮೇಲೂ ಅದು ಅಚ್ಚಾಗಿತ್ತು. ತಾರೀಖು, ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ದಿನದ್ದು. ಆವತ್ತು ಅವನು ಅವಳನ್ನು ಮಲಗಿಸಿ, ಹೊದಿಕೆ ಸರಿ ಮಾಡಿ, “ಇನ್ನು ಯಾರೂ ನಿನ್ನ ಎಬ್ಬಿಸಲ್ಲ, ಹಾಯಾಗಿ ಮಲ್ಕೋ,” ಎಂದದ್ದು ನೆನಪಾಯಿತು. ಅಕ್ಷರಶಃ ಹೇಳಿದ್ದನೆಂದು ಈಗ ತಿಳಿಯಿತು.

“ತೆಗೆಸಿಬಿಡ್ಲಾ?” ಎಂದ ಲೈನ್‌ಮ್ಯಾನ್. “ಲೈನ್ ಯಾರ ಹೆಸರಲ್ಲಿದೆ?”

“ಅವರ ಹೆಸರಲ್ಲಿ.”

“ಹಾಗಾದ್ರೆ ಆಫೀಸಿಂದ ತೆಗೀಬೇಕು ಅಂದ್ರೆ ಅವರ ಸಹಿ ಬೇಕು. ಈ ಫೋನಿಂದಾನೇ ಒತ್ತಿದ್ರೆ ಯಾರ ಸಹಿನೂ ಬೇಡ.” ಅವನು ಅವಳ ನೋಟ್‌ಬುಕ್ಕಿನಲ್ಲಿ, ಹದಿನೇಳು ಗೀಟಿನ ಕೆಳಗೆ, ನಾಲ್ಕು ಅಂಕಿ ಬರೆದ. “ಒತ್ತಿ, ಒಂದು ಬೀಪ್ ಬರುತ್ತೆ, ಇಟ್ಬಿಡಿ. ಅಷ್ಟೇ.”

“ಈಗ ಬೇಡ,” ಎಂದಳು ಅವಳು. “ಇರಲಿ.”

ಅವನು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತಳು. ಪದಸೂಚಿಯಲ್ಲಿ ‘ನೋಡಿ’ ಎಂದೊಂದು ಏರ್ಪಾಡಿದೆ. ಒಂದು ಹೆಸರನ್ನು ಹುಡುಕಿಕೊಂಡು ಬಂದವರಿಗೆ ಪುಟಸಂಖ್ಯೆ ಕೊಡದೆ, ಇಲ್ಲಿಲ್ಲ, ಇನ್ನೊಂದು ಹೆಸರಿನ ಕೆಳಗೆ ನೋಡಿ ಎಂದು ಕಳಿಸುವುದು. ಹದಿನಾಲ್ಕು ತಿಂಗಳಿಂದ ಅವಳು ಅಂಥದೊಂದು ಸಾಲಾಗಿದ್ದಳು. ಅವಳು — ನೋಡಿ: ಗಂಡ. ತಮ್ಮ ಮನೆಗೇ ಫೋನ್ ಮಾಡುತ್ತಿದ್ದ. ಭಾನುವಾರ ಮುಚ್ಚಿದ ಅಂಗಡಿಯಲ್ಲಿ, ಗೋಡೆ ತುಂಬ ಕನ್ನಡಕಗಳ ಎದುರಿಗೆ, ಆ ಫೋನು ಅರ್ಧ ಗಂಟೆ ಬಡಿದುಕೊಂಡಿತ್ತು. ಗೊಗ್ಗರು ಗಂಟಲಿನವರೂ ಮಾಡಿರಬಹುದು. ಎಷ್ಟು ಸಲ ಮಾಡಿರಬಹುದು?

ಮರೆತಿದ್ದಾನೆ ಎಂದುಕೊಂಡಳು. ಆರು ವಾರಕ್ಕೆಂದು ಹಾಕಿದ್ದು, ತೆಗೆಯುವುದು ಮರೆತುಹೋಗಿದೆ. ಅವನೇ ರಿಪೇರಿಗೆ ಕೊಟ್ಟ ಛತ್ರಿ ಎರಡು ವರ್ಷವಾದರೂ ತಂದಿಲ್ಲ. ಆದರೆ ಮರೆತವನಿಗೆ, ಮನೆಗೆ ಬಂದ ಫೋನು ತನ್ನ ಅಂಗಡಿಯಲ್ಲಿ ಬಡಿದುಕೊಂಡಾಗೆಲ್ಲ ನೆನಪಾಗುವುದಿಲ್ಲವೇ? ಈ ಪ್ರಶ್ನೆಯನ್ನು ಅವನನ್ನೇ ಕೇಳಬಹುದಿತ್ತು. ಕೇಳಿದರೆ ಅವನು ಡಾಕ್ಟರು ಏನು ಹೇಳಿದ್ದಾರೆ ಎನ್ನುತ್ತಾನೆ.

ಮಧ್ಯಾಹ್ನ ರಟ್ಟಿನ ಚೀಟಿ ತರುತ್ತೇನೆಂದು ಅತ್ತೆಗೆ ಹೇಳಿ ಹೊರಟಳು. ಸ್ಟೇಷನರಿ ಅಂಗಡಿಯ ಪಕ್ಕದಲ್ಲೇ ಗಾಜಿನ ಟೆಲಿಫೋನ್ ಬೂತ್ ಇತ್ತು. ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ತನ್ನ ಮನೆಯ ನಂಬರನ್ನು ತಾನೇ ತಿರುಗಿಸಿದಳು. ಮೂರು ಸಲ ರಿಂಗಾಯಿತು.

“ಹಲೋ,” ಎಂದ ಗಂಡ.

ಅವಳು ಫೋನಿನಲ್ಲಿ ಅವನ ದನಿ ಕೇಳಿ ವರ್ಷಗಳಾಗಿದ್ದವು. ಅವನು ಅವಳದನ್ನು ಕೇಳಿ ಇನ್ನೂ ಹೆಚ್ಚಾಗಿತ್ತು. ಅವನಿಗೆ ಗೊತ್ತಿದ್ದದ್ದು ಅಡುಗೆಮನೆಯಿಂದ ಬರುವ ದನಿ. ಅವಳು ಪ್ರಕಾಶನದವರ ಗ್ರಾಂಥಿಕ ಭಾಷೆ ತೆಗೆದಳು.

“ನಮಸ್ಕಾರ. ಪ್ರಕಾಶನದಿಂದ ಮಾತನಾಡುತ್ತಿದ್ದೇವೆ. ಪದಸೂಚಿ ಮಾಡುವವರು ಇದ್ದಾರೆಯೇ?”

“ಓ, ನೀವಾ,” ಎಂದ ಅವನು, ಅಭ್ಯಾಸವಾದವನಂತೆ. “ಇಲ್ಲ ಮೇಡಂ, ಅವರು ರೆಸ್ಟ್ ತಗೋತಿದಾರೆ. ದೊಡ್ಡ ಆಪರೇಷನ್ ಆಗಿದೆ.”

“ಯಾವಾಗ ಆಯಿತು?”

“ಆಯ್ತು... ಸ್ವಲ್ಪ ದಿನ ಆಯ್ತು.”

“ಯಾವಾಗ ಕೆಲಸ ಆರಂಭಿಸಬಹುದು?”

“ನೋಡಿ, ನಿಜ ಹೇಳಬೇಕು ಅಂದ್ರೆ ಅವಳು ತುಂಬಾ ಸೋತಿದಾಳೆ. ಕೆಲಸ ಅಂದ್ರೆ ಮೈಮೇಲೆ ಹಾಕ್ಕೊಂಡು ಮಾಡ್ತಾಳೆ, ಕಣ್ಣು ಹೋಗೋ ತನಕ. ಒಂಬತ್ತು ವರ್ಷ ನೋಡಿದೀನಲ್ಲ. ನಾನೇ ಬೇಡ ಅಂದಿದೀನಿ. ಮನೇಲಿ ಹಾಯಾಗಿದಾಳೆ, ಪಾಪ, ಇರಲಿ.”

“ಅವರಿಗೆ ವಿಷಯ ತಿಳಿಸುತ್ತೀರಾ?”

“ಖಂಡಿತಾ,” ಎಂದ.

ಅವನ ದನಿಯಲ್ಲಿ ಎಂಥ ಅಕ್ಕರೆಯಿತ್ತೆಂದರೆ, ಆ ಹೆಂಗಸಿನ ಬಗ್ಗೆ ಅವಳಿಗೂ ಅಯ್ಯೋ ಪಾಪ ಎನ್ನಿಸಿತು. ಅವಳೆದುರಿಗೆ ಅವನು ಎಂದೂ ಹಾಗೆ ಮಾತಾಡಿರಲಿಲ್ಲ. ಸುಳ್ಳೂ ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದ. ಅವಳು ಧನ್ಯವಾದ ಎಂದು ಫೋನ್ ಇಟ್ಟು, ಚಿಲ್ಲರೆ ಕೊಟ್ಟು, ನೂರು ರಟ್ಟಿನ ಚೀಟಿ ತೆಗೆದುಕೊಂಡು ಮನೆಗೆ ಬಂದಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಮಳೆ ಬರುವ ಹಾಗಿದೆ ಎಂದ. ಬೇರೇನೂ ತಿಳಿಸಲಿಲ್ಲ. ಅವನು ಕೈತೊಳೆಯುವವರೆಗೂ ಅವಳು ಕಾದಳು.

ಶನಿವಾರ ಅತ್ತೆಯ ಹನ್ನೊಂದು ಗಂಟೆಯನ್ನು ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

“ಇವತ್ತೊಂದು ದಿನ ಅತ್ತೆ. ಹನ್ನೆರಡಾದ ಮೇಲೆ ಮಾಡಿ.”

“ಹನ್ನೊಂದಕ್ಕೆ ಮಾಡದೆ ಇದ್ರೆ ನಾನು ಸತ್ತೆ ಅಂದ್ಕೋತಾಳೆ.”

“ಹನ್ನೆರಡಕ್ಕೆ ಮಾಡಿ ಬದುಕಿದೀನಿ ಅನ್ನಿ.”

“ಅಷ್ಟೊತ್ತಿಗೆ ಅತ್ಕೊಂಡು ಬಸ್ ಹತ್ತಿರ್ತಾಳೆ,” ಎಂದರು. ಆದರೂ ಒಂದು ಕುರ್ಚಿ ಎಳೆದು ತಂದು, ಕಿತ್ತಿಟ್ಟ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಓಣಿಯ ಬಾಯಲ್ಲಿ ಕಾವಲು ಕೂತರು. ಹಾಲಿನವನನ್ನು ಬಾಗಿಲಲ್ಲೇ “ಶ್, ಪರೀಕ್ಷೆ ನಡೀತಿದೆ” ಎಂದು ಗದರಿಸಿದರು.

ಮೋಡೆಮ್ ಕಾಯದೆ ಡಯಲ್ ಮಾಡಿತು. ಹತ್ತಕ್ಕೆ ಬರಬೇಕಾದ ಪುಟಗಳು ಹತ್ತು ಇಪ್ಪತ್ತಕ್ಕೆ ಬಂದವು. ತುಕ್ಕಿನ ಬಗ್ಗೆ ಇಪ್ಪತ್ತು ಪುಟ. ಹೊರಗೆ ಕಾಣದೆ ಒಳಗೇ ಹಿಡಿಯುವ ತುಕ್ಕು. ಬಣ್ಣದ ಕೆಳಗಿನ ತುಕ್ಕು. ಕೀಲುಗಳಲ್ಲಿ, ಎರಡು ಹಲಗೆ ಒತ್ತಿಕೊಂಡಿರುವಲ್ಲಿ ಕಟ್ಟುವ ತುಕ್ಕು. ಅವಳಿಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಚೀಟಿಗಳು ಒಂದರ ಪಕ್ಕ ಒಂದು ಬಿದ್ದವು. ಹನ್ನೆರಡಕ್ಕೆ ಎಂಟು ನಿಮಿಷವಿದ್ದಾಗ ಕಳಿಸಿದಳು. ಅತ್ತೆ ತಕ್ಷಣ ಫೋನಿನ ವೈರು ಸಿಕ್ಕಿಸಿ, ಬಿಕ್ಕಳಿಕೆ ಮುಗಿಯುವವರೆಗೆ ಕಾದು, ತಂಗಿಗೆ ನಂಬರು ತಿರುಗಿಸಿದರು. “ಬದುಕಿದೀನಿ ಕಣೇ,” ಎಂದರು. ಆ ಕಡೆಯಿಂದ ಏನೋ ಉತ್ತರ ಬಂತು. “ಹೊತ್ತಾಗಿದ್ದೂ ಗೊತ್ತಾಗ್ಲಿಲ್ವಂತೆ ಅವಳಿಗೆ!” ಎಂದು ರಿಸೀವರ್ ಮುಚ್ಚಿ ಸೊಸೆಗೆ ಹೇಳಿದರು.

ಭಾನುವಾರ ಕಳೆಯಿತು. ಗಂಡ ಮಲಗಿದ್ದ, ಎದ್ದ, ಪೇಪರು ಓದಿದ. ಎರಡು ಸಲ ಅವಳು ಅವನ ಎದುರಿಗೆ ಹೋಗಿ ನಿಂತಳು. ಎರಡು ಸಲವೂ ಅವನು ತಲೆಯೆತ್ತಿ, “ಕೂತ್ಕೋ, ಯಾಕೆ ನಿಂತಿದೀಯ, ಕಾಲು ನೋಯುತ್ತೆ,” ಎಂದ.

ಸೋಮವಾರ ಅವನು ಅಂಗಡಿಗೆ ಹೋದ ಮೇಲೆ, ಒಂಬತ್ತೂ ಮುಕ್ಕಾಲಿಗೆ, ಅವಳು ರಿಸೀವರ್ ಎತ್ತಿ ನೋಟ್‌ಬುಕ್ಕಿನ ನಾಲ್ಕು ಅಂಕಿ ಒತ್ತಿದಳು. ಬೀಪ್ ಬಂತು. ಇಟ್ಟು, ಮತ್ತೆ ಎತ್ತಿದಳು. ಟೋನು ಮೊದಲಿನಿಂದಲೇ ನೆಟ್ಟಗೆ, ಎಲ್ಲೂ ತುಂಡಾಗದೆ ಬರುತ್ತಿತ್ತು. ಅತ್ತೆ ಅವಳ ಕೈಯಿಂದ ರಿಸೀವರ್ ಕಸಿದು ಕಿವಿಗಿಟ್ಟರು.

“ನಿಂತೇ ಹೋಯ್ತಲ್ಲೇ ಬಿಕ್ಕಳಿಕೆ! ಏನು ಮಾಡಿದೆ?”

“ನೀರು ಕುಡಿಸ್ದೆ.”

ಹತ್ತೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಅತ್ತೆ ಬೆಚ್ಚಿ, ಪಕ್ಕದ ಮನೆಯ ಕಡೆ ನೋಡಿದರು. ಅವಳು ಎತ್ತಿದಳು. ಮನೆಯ ನಂಬರೂ ಅಚ್ಚಾಗಿದ್ದ ಹಳೆಯ ಕನ್ನಡಕದ ಡಬ್ಬಿ ನೋಡಿಕೊಂಡು ಮಾಡಿದ ಗಿರಾಕಿಯೊಬ್ಬ, ತನ್ನ ಓದುವ ಕನ್ನಡಕ ಆಯಿತೇ ಎಂದು ಕೇಳಿದ. ಅಂಗಡಿಯ ನಂಬರು ಹೇಳಿ ಇಟ್ಟಳು. ಹತ್ತೂ ಮೂವತ್ತೈದಕ್ಕೆ ಮತ್ತೆ ಬಡಿದುಕೊಂಡಿತು.

“ಪದಸೂಚಿ ಮಾಡುವವರು ಇದ್ದಾರೆಯೇ?” ಎಂದಿತು ಗ್ರಾಂಥಿಕ ದನಿಯೊಂದು.

“ಇದ್ದಾರೆ,” ಎಂದಳು. “ನಾನೇ.”

ಆ ಕಡೆಯವರು ‘ಒಳಗೇ ಹಿಡಿಯುವ ತುಕ್ಕು’ ಎಂಬುದನ್ನು ಅವಳೊಬ್ಬಳೇ ಪ್ರತ್ಯೇಕ ಸಾಲು ಮಾಡಿದ್ದಳೆಂದು ಹೇಳಿದರು. ಒಂದನೆಯ ಸಂಪುಟ ಯಾವಾಗ ಕಳಿಸಲಿ ಎಂದು ಕೇಳಿದರು. ಅವಳು ನಾಳೆ ಎಂದಳು. ಮಧ್ಯಾಹ್ನ ಇನ್ನೊಂದು ನಂಬರನ್ನು, ಒಂಬತ್ತು ವರ್ಷದ ರಿವಾಜು ಮುರಿದು, ತಾನಾಗಿ ತಿರುಗಿಸಿದಳು. “ಅಯ್ಯೋ, ಎದ್ದು ಓಡಾಡ್ತೀರಾ?” ಎಂದಿತು ಗೊಗ್ಗರು ಗಂಟಲು. “ಐದು ಸಲ ಮಾಡಿದೆ ಮಾರಾಯ್ರೆ. ಆಮೇಲೆ, ಇನ್ನು ಕೇಳಿದ್ರೆ ಏನು ಸುದ್ದಿ ಹೇಳ್ತಾರೋ ಅಂತ ಹೆದರಿ ಬಿಟ್ಟೆ.”

ಸಂಜೆ ಅವಳು ಲ್ಯಾಪ್‌ಟಾಪ್ ತೆರೆದಳು. ಟೋನು ಸರಿಯಾದ್ದರಿಂದ ಆ ಎಕ್ಸ್ ಮೂರು ಇನ್ನು ಬೇಕಿರಲಿಲ್ಲ. ಅಳಿಸಬಹುದಿತ್ತು. ಅಳಿಸಲಿಲ್ಲ.

ಗಂಡ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತ.

“ಇವತ್ತು ಅಂಗಡೀಲಿ ಫೋನೇ ಕಮ್ಮಿ. ಲೈನ್‌ಗೇನಾದ್ರೂ ಆಗಿದೆಯಾ ಅಂತ.”

“ಅಯ್ಯೋ, ನಮ್ಮದು ಹುಷಾರಾಯ್ತಪ್ಪ,” ಎಂದರು ಅತ್ತೆ. “ಇವಳು ಏನೋ ಕುಡಿಸಿದ್ಲು.”

ಅವನು ನಕ್ಕ. ತಟ್ಟೆಯಿಂದ ತಲೆಯೆತ್ತದೆ, “ನಿನ್ನ ಪೆಟ್ಟಿಗೆ ಸರಿ ಹೋಯ್ತಾ? ಏನಾಗಿತ್ತಂತೆ ಅದಕ್ಕೆ?” ಎಂದ.

ಅವಳು ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಅಕಾರಾದಿಯಾಗಿ ಸಿದ್ಧವಿತ್ತು. ಮರೆತದ್ದೋ, ಮರೆಯದೆ ಇದ್ದದ್ದೋ ಎಂದು ಕೇಳಿದರೆ ಅವನು ಮರೆತದ್ದು ಎನ್ನುತ್ತಾನೆ. ಹಾಗೆ ಹೇಳುವಾಗ ಅದು ಅವನಿಗೆ ನಿಜವೂ ಆಗಿಬಿಡುತ್ತದೆ.

“ಅದಕ್ಕೇನೂ ಆಗಿರ್ಲಿಲ್ಲ,” ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಇಂದಲ್ಲ ನಾಳೆ ಅವನು ಮನೆಯ ರಿಸೀವರ್ ಎತ್ತುತ್ತಾನೆ. ಟೋನು ನೆಟ್ಟಗಿರುವುದು ಅವನ ಕಿವಿಗೂ ಬೀಳಬಹುದು. ತಿಳಿದುಕೊಳ್ಳಲು ಅವಳಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಅವನಿಗೂ ಅಷ್ಟು ಸಮಯ ಕೊಡುವುದು ನ್ಯಾಯ ಎಂದು ಅವಳು ತೀರ್ಮಾನಿಸಿದಳು. ಪಾತ್ರೆ ಕೆಳಗಿಟ್ಟು, ತನ್ನ ತಟ್ಟೆ ಎಳೆದುಕೊಂಡು ಊಟಕ್ಕೆ ಕೂತಳು.